ವಾಯಿದೆಯ ಲಾಭ ಯಾರಿಗೆ?

ಮಂಡ್ಯ ಜಿಲ್ಲೆಯ ಯಾವುದಾದರೂ ತಾಲೂಕು ಕೋರ್ಟಿಗೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ ನೋಡಿ. ಆವರಣದ ಮರದ ಕೆಳಗೆ, ಟೈಪಿಂಗ್ ಅಂಗಡಿಯ ಮುಂದೆ ಜನ ನಿಂತಿರುತ್ತಾರೆ. ಏನು ಕೇಸು ಎಂದು ಕೇಳಿದರೆ ಮತ್ತೆ ಮತ್ತೆ ಕಿವಿಗೆ ಬೀಳುವುದು ಒಂದೇ ಮಾತು, ಪಾಲಿನ ಕೇಸು. ಅಣ್ಣತಮ್ಮಂದಿರದ್ದು, ಇಲ್ಲದಿದ್ದರೆ ಅಕ್ಕತಂಗಿಯರದ್ದು. ಹೊಡೆದಾಟ, ಕಳವು, ಚೆಕ್ ಬೌನ್ಸ್ ಎಲ್ಲವೂ ಅಲ್ಲಿಗೇ ಬರುತ್ತವೆ. ಆದರೆ ಅದೇ ಮುಖಗಳನ್ನು ಕೂದಲು ಬೆಳ್ಳಗಾಗುವವರೆಗೂ ಅದೇ ಮರದ ಕೆಳಗೆ ನಿಲ್ಲಿಸುವುದು ಪಾಲಿನ ಕೇಸು.

ಇದಕ್ಕೆ ಕಾರಣ ನಮ್ಮ ಮಣ್ಣಿನಲ್ಲೇ ಇದೆ. 1930ರ ದಶಕದಲ್ಲಿ ಕೆಆರ್‌ಎಸ್ ನೀರು ವಿಶ್ವೇಶ್ವರಯ್ಯ ನಾಲೆಗೆ ಹರಿಯಿತು. ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲ ಗದ್ದೆಯಾಯಿತು. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು, ಕಬ್ಬಿಗೆ ದುಡ್ಡು ಬಂತು. ತಾತನ ಕಾಲದ ಎಕರೆಗಳು ಮೊಮ್ಮಕ್ಕಳ ಕಾಲಕ್ಕೆ ಗುಂಟೆ ಲೆಕ್ಕಕ್ಕೆ ಇಳಿದವು. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟನೆಯಾದ ಮೇಲಂತೂ ಆ ಗುಂಟೆಗೂ ಎಲ್ಲಿಲ್ಲದ ಬೆಲೆ. ನೆಲಕ್ಕೆ ಬೆಲೆ ಏರಿದಷ್ಟೂ ಅದನ್ನು ಬಿಟ್ಟುಕೊಡುವ ಮನಸ್ಸು ಕಡಿಮೆಯಾಗುತ್ತದೆ. ಸಹಜ ಅಲ್ವಾ?

ಕೋರ್ಟಿನ ವಿಳಂಬದ ಮಾತು ಬಂದಾಗಲೆಲ್ಲ ಟಿವಿಯಲ್ಲಿ, ಪೇಪರಿನಲ್ಲಿ ಬರುವುದು ಒಂದು ದೊಡ್ಡ ಸಂಖ್ಯೆ. ದೇಶದ ಕೋರ್ಟುಗಳಲ್ಲಿ ಬಾಕಿ ಉಳಿದ ಕೇಸುಗಳು 5 ಕೋಟಿ ದಾಟಿವೆ. ಆ ಸಂಖ್ಯೆ ನಿಜ. ಆದರೆ ಅದನ್ನು ಹೇಳುವ ರೀತಿ ಹೇಗಿರುತ್ತದೆ ಎಂದರೆ, ಜನ ಜಾಸ್ತಿ, ಜಡ್ಜ್ ಕಡಿಮೆ, ಹಾಗಾಗಿ ಎಲ್ಲರೂ ಸಮನಾಗಿ ಕಾಯುತ್ತಿದ್ದಾರೆ ಎಂಬಂತೆ. ಸಿವಿಲ್ ಕೇಸಿನಲ್ಲಿ ಯಾರೂ ಸಮನಾಗಿ ಕಾಯುವುದಿಲ್ಲ. ಒಬ್ಬರು ಗದ್ದೆಯಲ್ಲಿ ನಿಂತು ಕಾಯುತ್ತಾರೆ, ಇನ್ನೊಬ್ಬರು ಗದ್ದೆಯ ಹೊರಗೆ. ಪ್ರತಿ ವಾಯಿದೆಗೂ, ಅಂದರೆ ಕೇಸನ್ನು ಇನ್ನೊಂದು ದಿನಾಂಕಕ್ಕೆ ಮುಂದೂಡಿದಾಗಲೆಲ್ಲ, ಒಳಗಿರುವವರಿಗೆ ಇನ್ನೊಂದು ಬೆಳೆ ಸಿಗುತ್ತದೆ. ಈ ಒಂದು ವಿಷಯಕ್ಕೆ ಕೈ ಹಾಕದ ಯಾವ ಸುಧಾರಣೆಯೂ ನಮ್ಮ ಕಡೆಯ ಕೇಸುಗಳನ್ನು ಮುಗಿಸುವುದಿಲ್ಲ ಎಂದು ನಾನು ನಂಬಿದ್ದೇನೆ. ಹೀಗೆ ನಂಬುವುದಕ್ಕೆ ನಮ್ಮ ಮನೆಯ ಒಂದು ಕೇಸೇ ಕಾರಣ.

ಕೇಸು ಹಾಕಿದ್ದು ನಮ್ಮ ದೊಡ್ಡಮ್ಮ. ನಾಲೆ ಬಯಲಿನ ಒಂದು ಹಳ್ಳಿ, ಅವರಪ್ಪನ ಜಮೀನು. ಅವರಪ್ಪ, ಅಂದರೆ ನನ್ನ ತಾತ, ತೊಂಬತ್ತರ ದಶಕದಲ್ಲೇ ತೀರಿಕೊಂಡರು. ದೊಡ್ಡಮ್ಮನ ಮದುವೆ ಅದಕ್ಕಿಂತ ಎಷ್ಟೋ ಮೊದಲೇ ಆಗಿತ್ತು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ಕಾನೂನು ದೇಶಕ್ಕಿಂತ ಮೊದಲೇ, 1994ರ ಜುಲೈ 30ರಿಂದಲೇ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಆ ಕಾನೂನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂದಾಗ ಮದುವೆಯ ಆ ಗೆರೆ ಅಳಿಯಿತು. ದೊಡ್ಡಮ್ಮನಿಗೆ ಇದು ಗೊತ್ತಾಗಿದ್ದು ಮಹಿಳಾ ಸಂಘದ ಒಂದು ಸಭೆಯಲ್ಲಿ. ಮೊದಲು ತಮ್ಮಂದಿರನ್ನು ಬಾಯಿಮಾತಿನಲ್ಲೇ ಕೇಳಿದರು. "ಅರಿಶಿನ ಕುಂಕುಮಕ್ಕೆ ಏನು ಕೊಡಬೇಕೋ ಕೊಡುತ್ತೇವೆ, ಜಮೀನಿನ ಮಾತು ಬೇಡ" ಎಂಬ ಉತ್ತರ ಬಂತು. ನಮ್ಮಮ್ಮ ತವರಿನ ಬಾಗಿಲು ಮುಚ್ಚಬಾರದು ಎಂದು ಸುಮ್ಮನಾದರು. ದೊಡ್ಡಮ್ಮ 2007ರಲ್ಲಿ ದಾವೆ ಹಾಕಿದರು. ಆಮೇಲೆ ಊರಿನಲ್ಲಿ ಅವರಿಗೆ ಕೇಳಿಸುವಂತೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. "ನಾನೇನ್ ಅವ್ರ್ ಮನೆ ಆಸ್ತಿ ಕೇಳಿದ್ನಾ ಮಗ, ನಮ್ಮಪ್ಪನ್ದು ಕೇಳ್ದೆ" ಎನ್ನುತ್ತಿದ್ದರು.

ಮೊದಲ ಒಂದೂವರೆ ವರ್ಷ ಹೋದದ್ದು ಸಮನ್ಸ್ ಜಾರಿಗೆ. ಕೋರ್ಟಿನ ಅಮೀನರು ಹೋದಾಗ ಒಬ್ಬರು ಇರುತ್ತಿದ್ದರು, ಇನ್ನೊಬ್ಬರು ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿದ್ದ ಒಬ್ಬ ಮಾವನ ಸಮನ್ಸ್ "ಬಾಗಿಲು ಬೀಗ ಹಾಕಿದೆ" ಎಂಬ ಷರಾ ಹೊತ್ತು ವಾಪಸ್ ಬರುತ್ತಿತ್ತು. ಎಲ್ಲರಿಗೂ ಜಾರಿಯಾಗುವವರೆಗೆ ಕೇಸು ಮುಂದಕ್ಕೆ ಹೋಗುವುದಿಲ್ಲ. ಆಮೇಲೆ ತಕರಾರು, ಅಂದರೆ ದಾವೆಗೆ ಎದುರಿನವರ ಲಿಖಿತ ಉತ್ತರ, ಸಲ್ಲಿಸಲು ಕಾಲಾವಕಾಶ. ತಕರಾರಿನ ಜೊತೆ ಒಂದು ಪಾರೀಕತ್ತು ಬಂತು. ತಾತ ಬದುಕಿದ್ದಾಗಲೇ ಪಂಚಾಯ್ತಿಯಲ್ಲಿ ಗಂಡುಮಕ್ಕಳಿಗೆ ಪಾಲಾಗಿದೆ ಎಂದು ಬರೆದ, ನೋಂದಣಿಯಾಗದ ಕಾಗದ. ಆ ಕಾಗದಕ್ಕೆ ಸಹಿ ಹಾಕಿದವರನ್ನು ಕರೆಸಬೇಕು, ಪಾಟಿ ಸವಾಲು ಮಾಡಬೇಕು. ಒಬ್ಬ ಸಾಕ್ಷಿಗೆ ಹುಷಾರಿಲ್ಲ. ಒಂದು ದಿನ ಎದುರಿನ ವಕೀಲರು ಮೈಸೂರಿನ ಕೋರ್ಟಿನಲ್ಲಿ ಸಿಕ್ಕಿಕೊಂಡಿದ್ದಾರೆ. ಇನ್ನೊಂದು ದಿನ ನ್ಯಾಯಾಧೀಶರಿಗೆ ವರ್ಗ, ಹೊಸಬರು ಬರುವವರೆಗೆ ಇನ್ಚಾರ್ಜ್ ಕೋರ್ಟು. ಇನ್ಚಾರ್ಜ್ ಎಂದರೆ ಮುಂದಿನ ದಿನಾಂಕ ಎಂದೇ ಅರ್ಥ.

ನಡುವೆ ಹಿರಿಯ ಮಾವ ತೀರಿಕೊಂಡರು. ಪಕ್ಷಗಾರರು ಸತ್ತರೆ 90 ದಿನದೊಳಗೆ ವಾರಸುದಾರರನ್ನು ದಾವೆಗೆ ಸೇರಿಸಲು ಅರ್ಜಿ ಹಾಕಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ದಾವೆಯೇ ಬಿದ್ದುಹೋಗುತ್ತದೆ. ತಮ್ಮನ ಸಾವಿಗೆ ಅಳುತ್ತಿದ್ದ ದೊಡ್ಡಮ್ಮ, ತಿಥಿ ಮುಗಿಯುತ್ತಿದ್ದಂತೆ ಅವನ ಮಕ್ಕಳ ಹೆಸರು, ವಯಸ್ಸು, ವಿಳಾಸ ಬರೆದುಕೊಂಡು ವಕೀಲರ ಆಫೀಸಿಗೆ ಹೋಗಬೇಕಾಯಿತು. ಕಾನೂನು ಇಷ್ಟು ಕಟುವಾಗಿ ಒಬ್ಬ ಅಕ್ಕನಿಂದ ಕೆಲಸ ತೆಗೆಯುವುದನ್ನು ನೋಡಿ ನನಗೆ ಬಹಳ ನೋವಾಯಿತು. ಆಮೇಲೆ ಆ ಮಕ್ಕಳಿಗೆ ಮತ್ತೆ ಸಮನ್ಸ್. ಮತ್ತೆ ಬೀಗ ಹಾಕಿದ ಬಾಗಿಲು.

2014ರಲ್ಲಿ ತೀರ್ಪು ಬಂತು. ಹೆಣ್ಣುಮಕ್ಕಳಿಗೂ ಸಮಪಾಲು. ಮಾವಂದಿರು ಜಿಲ್ಲಾ ಕೋರ್ಟಿಗೆ ಅಪೀಲು ಹೋದರು. ಅಪೀಲು ಕೂತಿದ್ದಾಗಲೇ 2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬೇರೊಂದು ತೀರ್ಪು ಬಂತು. 2005ರ ಸೆಪ್ಟೆಂಬರ್ 9ರಂದು ಅಪ್ಪನೂ ಬದುಕಿರಬೇಕು, ಆಗ ಮಾತ್ರ ಮಗಳಿಗೆ ಸಮಪಾಲು ಎಂದು ಅದು ಹೇಳಿತು. ಅದು ಬೆಳಗಾವಿಯ ಒಬ್ಬ ಹೆಣ್ಣುಮಗಳು 1992ರಲ್ಲಿ ಹಾಕಿದ್ದ ಪಾಲಿನ ದಾವೆ. ಆಕೆಯ ಕಾಯುವಿಕೆ ಕೊನೆಗೆ ನಮ್ಮ ದೊಡ್ಡಮ್ಮನ ಪಾಲನ್ನೂ ಕುಗ್ಗಿಸಿತು. ಜಿಲ್ಲಾ ಕೋರ್ಟು ಆ ತೀರ್ಪನ್ನು ಹಿಡಿದು, ತಾತನ ಪಾಲಿನಲ್ಲಿ ಮಾತ್ರ ಒಂದು ಭಾಗ ಎಂದಿತು. ದೊಡ್ಡಮ್ಮ ಹೈಕೋರ್ಟಿಗೆ ಹೋದರು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯದನ್ನು ತಳ್ಳಿಹಾಕಿತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿರಬೇಕಾಗಿಲ್ಲ ಎಂದಿತು. ಬಾಯಿಮಾತಿನ ಪಾಲು ಆಗಿದೆ ಎಂಬ ವಾದವನ್ನೂ ಸುಲಭವಾಗಿ ಒಪ್ಪಬಾರದು ಎಂದಿತು. ಅದೇ ಆಧಾರದ ಮೇಲೆ ದೊಡ್ಡಮ್ಮನ ಪಾಲು ಹೈಕೋರ್ಟಿನಲ್ಲಿ ವಾಪಸ್ ಬಂತು.

ಎಲ್ಲರೂ ಗೆದ್ದೆವು ಎಂದುಕೊಂಡರು. ಆದರೆ ಪಾಲಿನ ದಾವೆಯಲ್ಲಿ ಮೊದಲು ಸಿಗುವುದು ಪ್ರಾಥಮಿಕ ಡಿಕ್ರಿ. ಇವರಿಗೆ ಇಷ್ಟು ಪಾಲು ಎಂದು ಅದು ಹೇಳುತ್ತದೆ. ಯಾವ ಸರ್ವೆ ನಂಬರಿನಲ್ಲಿ, ಯಾವ ಬದುವಿನಿಂದ ಯಾವ ಬದುವಿನವರೆಗೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಆಗಬೇಕು. ವಕೀಲರ ಬಾಯಲ್ಲಿ ಎಫ್‌ಡಿಪಿ. ಕಂದಾಯ ಕಟ್ಟುವ ಜಮೀನಾದರೆ ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) 54ನೇ ಕಲಮಿನ ಪ್ರಕಾರ ಭಾಗ ಮಾಡುವ ಕೆಲಸ ಜಿಲ್ಲಾಧಿಕಾರಿಗಳ ಕಡೆಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರರಿಗೆ, ಅಲ್ಲಿಂದ ಸರ್ವೆಗೆ. ಸರ್ವೆಯವರು ಬರುವ ಹೊತ್ತಿಗೆ ಗದ್ದೆಯಲ್ಲಿ ಕಬ್ಬು ಆಳೆತ್ತರ ನಿಂತಿರುತ್ತದೆ. ಸರಪಳಿ ಹಿಡಿಯಲು ಆಗುವುದಿಲ್ಲ, ಕಟಾವು ಆದ ಮೇಲೆ ಬನ್ನಿ ಎನ್ನುತ್ತಾರೆ. ಕಟಾವು ಆದ ಮೇಲೆ ಕೂಳೆ ಬೆಳೆ ಎದ್ದಿರುತ್ತದೆ.

ಡಿಕ್ರಿ ಕೈಗೆ ಬಂದ ಮೇಲೆಯೇ ಭಾರತದ ಕಕ್ಷಿದಾರನ ಕಷ್ಟ ಶುರುವಾಗುವುದು ಎಂದು ಆಗ ನಮ್ಮ ಅಪೀಲುಗಳಿಗೆ ಕೊನೆಯ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಒಂದೂವರೆ ಶತಮಾನ ಕಳೆಯಿತು. ಈಗ ದೇಶದಲ್ಲಿ ಬಾಕಿ ಇರುವ ಅಮಲ್ಜಾರಿ ಅರ್ಜಿಗಳೇ, ಅಂದರೆ ಸಿಕ್ಕ ಡಿಕ್ರಿಯನ್ನು ಜಾರಿ ಮಾಡಿಸಿ ಎಂದು ಕೇಳುವ ಅರ್ಜಿಗಳೇ, ಲಕ್ಷಗಟ್ಟಲೆ. ಇವೆಲ್ಲ ಈಗಾಗಲೇ ಗೆದ್ದವರ ಅರ್ಜಿಗಳು ಎನ್ನುವುದನ್ನು ಮರೆಯಬಾರದು. 2021ರಲ್ಲಿ ಸುಪ್ರೀಂ ಕೋರ್ಟ್ ಅಮಲ್ಜಾರಿಯನ್ನು ಆರು ತಿಂಗಳಲ್ಲಿ ಮುಗಿಸಿ ಎಂದಿತು. 2022ರಲ್ಲಿ, ಪ್ರಾಥಮಿಕ ಡಿಕ್ರಿ ಆದ ಮೇಲೆ ಯಾರೂ ಬೇರೆ ಅರ್ಜಿ ಹಾಕುವವರೆಗೆ ಕಾಯಬೇಡಿ, ಕೋರ್ಟೇ ಮುಂದುವರಿದು ಅಂತಿಮ ಡಿಕ್ರಿಗೆ ಹೋಗಲಿ ಎಂದಿತು. ಎರಡೂ ಒಳ್ಳೆಯ ಮಾತು. ಆದರೆ ಗದ್ದೆ ಅಳೆಯುವ ಸರ್ವೆಯರ್ ಕೋರ್ಟಿನ ನೌಕರರಲ್ಲ. ಅವರ ಮೇಜಿನ ಮೇಲೆ ಜಮೀನು ಅಳೆಸಲು ಜನ ಕೊಟ್ಟ ಪೋಡಿ, 11ಇ ನಕ್ಷೆ, ಹದ್ದುಬಸ್ತು ಅರ್ಜಿಗಳು ಬೇರೆ ಇರುತ್ತವೆ. ಕೋರ್ಟಿನ ಕಾಗದ ಅವುಗಳ ನಡುವೆ ಒಂದು. ಕೋರ್ಟಿನ ಡಿಕ್ರಿಗೆಂದೇ ತಾಲೂಕಿಗೊಬ್ಬ ಸರ್ವೆಯರ್ ಇದ್ದರೆ ಮಂಡ್ಯದಂಥ ಜಿಲ್ಲೆಯಲ್ಲಿ ಎಷ್ಟು ಮನೆಗಳ ಜಗಳ ಮುಗಿಯುತ್ತಿತ್ತೋ! ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸರ್ಕಾರ ಹುದ್ದೆ ಕೊಟ್ಟರೆ ಸಾಕು.

ಇನ್ನು ಲಾಭದ ಲೆಕ್ಕಕ್ಕೆ ಬರುತ್ತೇನೆ. 2007ರಿಂದ ಇಲ್ಲಿಯವರೆಗೆ ಆ ಗದ್ದೆಯಲ್ಲಿ ಕಬ್ಬು, ಭತ್ತ ಬೆಳೆಯುತ್ತಲೇ ಇವೆ. ಕಾರ್ಖಾನೆಯ ಒಪ್ಪಿಗೆ ಇರುವುದು ಮಾವಂದಿರ ಹೆಸರಿನಲ್ಲಿ, ಕಬ್ಬಿನ ಬಿಲ್ಲು ಬರುವುದು ಅವರ ಖಾತೆಗೆ. ದೊಡ್ಡಮ್ಮನಿಗೆ ಒಂದು ಮೂಟೆ ಅಕ್ಕಿಯೂ ಬಂದಿಲ್ಲ. ಬದಲಿಗೆ ಪ್ರತಿ ವಾಯಿದೆಗೂ ಬಸ್ ಚಾರ್ಜು, ವಕೀಲರ ಫೀಜು, ನಕಲಿನ ದುಡ್ಡು. ಮಾವಂದಿರು ಕೆಟ್ಟವರಲ್ಲ. ಹಬ್ಬಕ್ಕೆ ಹೋದರೆ ನಮಗೆಲ್ಲ ಇಂದಿಗೂ ಎಲೆ ಹಾಕಿ ಊಟ ಬಡಿಸುತ್ತಾರೆ. ಆದರೆ ಕೇಸು ಬೇಗ ಮುಗಿಯಲಿ ಎಂದು ಬಯಸುವುದಕ್ಕೆ ಅವರಿಗೆ ಒಂದೇ ಒಂದು ಕಾರಣವನ್ನೂ ನಮ್ಮ ವ್ಯವಸ್ಥೆ ಕೊಟ್ಟಿಲ್ಲ.

ಕೊಡಬಹುದಾದ ದಾರಿಗಳು ಕಾನೂನಿನಲ್ಲೇ ಇವೆ. ದಾವೆ ಹಾಕಿದ ದಿನದಿಂದ ಜಮೀನಿನ ಆದಾಯದಲ್ಲಿ ಪಾಲು ಲೆಕ್ಕ ಹಾಕಿಸಿ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಸುಮ್ನೆ ಕಾಲ ತಳ್ಳಿದವರಿಗೆ ಖರ್ಚು ಹಾಕಬಹುದು. ಆ ಖರ್ಚು ಕಟ್ಟದೆ ಮುಂದುವರಿಯುವಂತಿಲ್ಲ ಎಂದು ಸಿಪಿಸಿಯ 35ಬಿ ಕಲಮು ಹೇಳುತ್ತದೆ. ಆದರೆ ಆದಾಯದ ಲೆಕ್ಕವನ್ನು ಸಾಮಾನ್ಯವಾಗಿ ಕೊನೆಗೆ ತಳ್ಳುತ್ತಾರೆ. ಆ ಕೊನೆ ಬರುವ ಹೊತ್ತಿಗೆ ಬಿಲ್ಲು, ರಸೀದಿ ಯಾವುದೂ ಸಿಗುವುದಿಲ್ಲ. ವಾಯಿದೆಗೆ ಹಾಕುವ ಖರ್ಚು ಇನ್ನೂರು, ಐನೂರು ರೂಪಾಯಿ. ಸುಳ್ಳು ತಕರಾರು ಹೂಡಿದವರಿಂದ 35ಎ ಕಲಮಿನಡಿ ಕೊಡಿಸಬಹುದಾದ ಪರಿಹಾರದ ಗರಿಷ್ಠ ಮಿತಿ ಇವತ್ತಿಗೂ 3,000 ರೂಪಾಯಿ. ಒಂದು ಎಕರೆ ಕಬ್ಬಿನ ಮುಂದೆ ಮೂರು ಸಾವಿರ ಯಾರಿಗೆ ಲೆಕ್ಕ?

ವಾಯಿದೆಗೂ ಮಿತಿ ಇದೆ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ವಿಚಾರಣೆ ಶುರುವಾದ ಮೇಲೆ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಇಲ್ಲ. ತಕರಾರು 30 ದಿನದಲ್ಲಿ, ಹೆಚ್ಚೆಂದರೆ 90 ದಿನದಲ್ಲಿ ಬರಬೇಕು. ತೀರಾ ಅನಿವಾರ್ಯವಿದ್ದರೆ ನ್ಯಾಯಾಧೀಶರು ಇದನ್ನು ಸಡಿಲಿಸಬಹುದು ಎಂದು 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮಾತಿನಲ್ಲಿ ತಪ್ಪಿಲ್ಲ. ನಿಜವಾಗಲೂ ಆಸ್ಪತ್ರೆಯಲ್ಲಿದ್ದವರ ಬಾಯಿ ಕಟ್ಟಬಾರದು. ಆದರೆ ತಾಲೂಕು ಕೋರ್ಟಿಗೆ ಬರುವಷ್ಟರಲ್ಲಿ ಆ ವಿನಾಯಿತಿಯೇ ರೂಢಿಯಾಯಿತು.

ಇದಕ್ಕೆ ಪಕ್ಕದಲ್ಲೇ ಇನ್ನೊಂದು ಉದಾಹರಣೆ ಇದೆ. 2015ರಲ್ಲಿ ವ್ಯಾಪಾರದ ವ್ಯಾಜ್ಯಗಳಿಗೆಂದು ಕಮರ್ಷಿಯಲ್ ಕೋರ್ಟುಗಳ ಕಾಯ್ದೆ ಬಂತು. ಅಲ್ಲಿ 120 ದಿನ ಕಳೆದರೆ ತಕರಾರು ಹಾಕುವ ಹಕ್ಕೇ ಹೋಗುತ್ತದೆ, ಯಾವ ಸಡಿಲಿಕೆಯೂ ಇಲ್ಲ. ಮೊದಲೇ ಕೂತು ಯಾವ ದಿನ ಯಾವ ಸಾಕ್ಷಿ, ಯಾವ ದಿನ ವಾದ ಎಂದು ಗೊತ್ತು ಮಾಡುತ್ತಾರೆ. ಸೋತವರು ಗೆದ್ದವರ ಖರ್ಚು ಕೊಡುವುದು ಅಲ್ಲಿ ಸಾಮಾನ್ಯ ನಿಯಮ. ಅಂದರೆ ಬೇಗ ಮುಗಿಸುವುದು ಹೇಗೆ ಎಂದು ಈ ದೇಶಕ್ಕೆ ಗೊತ್ತಿದೆ. ಹಣ ಹೂಡುವವರಿಗೆ ಅದನ್ನು ಮಾಡಿಕೊಟ್ಟಿದೆ. ಅಪ್ಪನ ಗದ್ದೆಯಲ್ಲಿ ಪಾಲು ಕೇಳುವ ಹೆಂಗಸಿಗೆ ಯಾಕೆ ಇಲ್ಲ? ಈ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ.

ನ್ಯಾಯಾಧೀಶರನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಒಂದೇ ದಿನದ ಪಟ್ಟಿಯಲ್ಲಿ ಎಪ್ಪತ್ತು ಎಂಬತ್ತು ಕೇಸು ಇದ್ದರೆ, ಬೆಂಚ್ ಕ್ಲರ್ಕು ಹೆಸರು ಕೂಗಿ ಮುಗಿಸುವುದರಲ್ಲೇ ಬೆಳಗಿನ ಹೊತ್ತು ಹೋಗುತ್ತದೆ. 1987ರಲ್ಲೇ ಕಾನೂನು ಆಯೋಗ ಹತ್ತು ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕು ಎಂದಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ಐದು ವರ್ಷದಲ್ಲಿ ಅಲ್ಲಿಗೆ ಮುಟ್ಟಿ ಎಂದಿತು. ಈಗಲೂ ನಾವು 21, 22ರ ಆಸುಪಾಸಿನಲ್ಲಿದ್ದೇವೆ. ಜಿಲ್ಲಾ, ತಾಲೂಕು ಮಟ್ಟದಲ್ಲಿ ಮಂಜೂರಾದ ಹುದ್ದೆಗಳೇ ಸುಮಾರು 25 ಸಾವಿರ. ಅದರಲ್ಲೂ ಸುಮಾರು 5 ಸಾವಿರ ಖಾಲಿ. ಹುದ್ದೆ ತುಂಬುವುದು ಹೈಕೋರ್ಟ್, ಸರ್ಕಾರ ಇಬ್ಬರ ಹೊಣೆ. ಅದು ಆಗಲೇಬೇಕು.

ವಕೀಲರ ವಿಷಯದಲ್ಲಿ ಮಾತ್ರ ಒಂದು ಮಾತು ಹೇಳಬೇಕು. ಕಾವೇರಿ ನೀರಿನ ವಿಷಯದಲ್ಲಿ ಮಂಡ್ಯದ ಸಿಟ್ಟು ನನ್ನದೂ ಹೌದು. ಆದರೆ ಯಾವುದೇ ಕಾರಣಕ್ಕೆ ಕಲಾಪ ಬಹಿಷ್ಕಾರ ಎಂದಾಗ, ಆ ದಿನ ಸಾಕ್ಷಿ ಕರೆದುಕೊಂಡು ಬಂದ ರೈತ ಅದೇ ಬಸ್ಸಿನಲ್ಲಿ ವಾಪಸ್ ಹೋಗುತ್ತಾನೆ. ವಕೀಲರಿಗೆ ಮುಷ್ಕರದ ಹಕ್ಕಿಲ್ಲ ಎಂದು 2002ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಸಿಟ್ಟು ತೋರಿಸಲು ಬೇರೆ ದಾರಿ ಹುಡುಕಬಹುದು.

ಇ-ಕೋರ್ಟ್ಸ್ ಆ್ಯಪಿನಿಂದ ಸಹಾಯವಾಗಿದೆ, ಅದನ್ನು ಒಪ್ಪಬೇಕು. ಪ್ರತಿ ಕೇಸಿಗೂ ಇರುವ, ಅಕ್ಷರ ಅಂಕಿ ಸೇರಿ 16 ಸ್ಥಾನದ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಫೋನಿನಲ್ಲೇ ಸಿಗುತ್ತದೆ. ಮೊದಲು ದೊಡ್ಡಮ್ಮ ದಿನಾಂಕ ತಿಳಿಯಲು ವಕೀಲರ ಗುಮಾಸ್ತರ ಹಿಂದೆ ಓಡಾಡುತ್ತಿದ್ದರು. ಈಗ ನಾನು ಮೈಸೂರಿನಲ್ಲಿ ಕೂತೇ ನೋಡಿ ಹೇಳುತ್ತೇನೆ. ದಿನಾಂಕ ತಿಳಿಯುವುದು ಸುಲಭವಾಗಿದೆ. ದಿನಾಂಕಗಳು ಕಡಿಮೆಯಾಗಿಲ್ಲ.

ಲೋಕ ಅದಾಲತ್ತಿನ ಬಗ್ಗೆ ನನ್ನ ಮನಸ್ಸು ಎರಡು ಕಡೆ ಎಳೆಯುತ್ತದೆ. ಅಲ್ಲಿ ರಾಜಿಯಾದರೆ ಕೋರ್ಟ್ ಫೀಜು ವಾಪಸ್, ಅದರ ಮೇಲೆ ಅಪೀಲೂ ಇಲ್ಲ. ಅಣ್ಣತಂಗಿಯರ ಜಗಳಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ದೊಡ್ಡಮ್ಮನ ಕೇಸನ್ನೂ ಅಲ್ಲಿಗೆ ಕಳಿಸಿದ್ದರು. ಮಾವಂದಿರು ಒಂದು ಮೊತ್ತ ಹೇಳಿದರು. ಅದು ಅವರ ಪಾಲಿನ ಬೆಲೆಯಲ್ಲಿ ಕಾಲು ಭಾಗವೂ ಆಗುತ್ತಿರಲಿಲ್ಲ. "ಇನ್ನೂ ಹತ್ತು ವರ್ಷ ಅಲೆಯುತ್ತೀರಾ ಅಮ್ಮ, ಬಂದಿದ್ದು ತಗೊಳ್ಳಿ" ಎಂದು ಅಲ್ಲಿ ಕೂತಿದ್ದವರೊಬ್ಬರು ಕಾಳಜಿಯಿಂದಲೇ ಹೇಳಿದರು. ಆ ಮಾತು ಕೇಳಿದಾಗ ನನಗೆ ಎಲ್ಲವೂ ಅರ್ಥವಾಯಿತು. ಕೋರ್ಟಿನ ನಿಧಾನ ಬರೀ ತೀರ್ಪನ್ನು ತಡ ಮಾಡುವುದಿಲ್ಲ, ರಾಜಿಯ ಬೆಲೆಯನ್ನೂ ಅದೇ ಗೊತ್ತು ಮಾಡುತ್ತದೆ. ಕಾಯುವ ಶಕ್ತಿ ಯಾರಿಗಿದೆಯೋ ಅವರು ಹೇಳಿದ್ದೇ ರೇಟು. ಕೋರ್ಟು ಎರಡು ವರ್ಷದಲ್ಲಿ ತೀರ್ಪು ಕೊಡುತ್ತದೆ ಎಂಬ ಭಯ ಎದುರಿನವರಿಗೆ ಇದ್ದರೆ ಮಾತ್ರ ರಾಜಿ ನ್ಯಾಯವಾಗಿರುತ್ತದೆ. ದೊಡ್ಡಮ್ಮ ಸಹಿ ಹಾಕಲಿಲ್ಲ. "ಬುಡು ಮಗ, ಇಷ್ಟ್ ದಿನ ಕಾದಿದ್ದು ಇದುಕ್ಕಾ" ಎಂದು ಎದ್ದು ಬಂದರು.

ಎಫ್‌ಡಿಪಿ ಇನ್ನೂ ನಡೆಯುತ್ತಿದೆ. ಆದಾಯದ ಲೆಕ್ಕ ಕೇಳಿ ಈಗ ಬೇರೆ ಅರ್ಜಿ ಹಾಕಿಸಿದ್ದೇವೆ, ಹಳೆಯ ಕಬ್ಬಿನ ಬಿಲ್ಲುಗಳನ್ನು ತರಿಸಿ ಎಂದೂ ಕೇಳಿದ್ದೇವೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಪಾಲಿನ ದಾವೆ ಹಾಕುವವರಿದ್ದರೆ ಆದಾಯದ ಪಾಲನ್ನು ದಾವೆಯಲ್ಲೇ ಕೇಳಿ, ಕೊನೆಗೆ ಬಿಡಬೇಡಿ. ಎದುರಿನವರು ವಾಯಿದೆ ಕೇಳಿದಾಗ ಖರ್ಚು ಹಾಕಿ ಎಂದು ನಿಮ್ಮ ವಕೀಲರಿಂದ ಹೇಳಿಸಿ, ಅದು ಆರ್ಡರ್ ಶೀಟಿನಲ್ಲಿ ಬರಲಿ. ಎಲ್ಲ ಪ್ರತಿವಾದಿಗಳ ಈಗಿನ ವಿಳಾಸ ಮೊದಲೇ ಸರಿಯಾಗಿ ಹುಡುಕಿ ಕೊಡಿ. ಪ್ರಾಥಮಿಕ ಡಿಕ್ರಿಯ ಮರುದಿನವೇ 2022ರ ತೀರ್ಪು ತೋರಿಸಿ ಅಂತಿಮ ಡಿಕ್ರಿಗೆ ಮುಂದುವರಿಸಲು ಕೇಳಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡಬೇಕು ಎಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿದೆ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು, ಇಲ್ಲವೇ 15100ಕ್ಕೆ ಫೋನ್ ಮಾಡಬಹುದು.